ವಿಂಡೋಸ್‌ನಲ್ಲೇ ಇರುವ ರ‍್ಯಾನ್ಸಮ್‌ವೇರ್ ತಡೆ ಮನೆ ಕಂಪ್ಯೂಟರಿಗೆ ಸಾಕೇ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳ ಕಂಪ್ಯೂಟರಿನಲ್ಲಿ ಏನಿರುತ್ತದೆ? ಜಾಗದ ಆಧಾರದ (ಕ್ರಯಪತ್ರದ) ಸ್ಕ್ಯಾನ್, ಭೂತೆರಿಗೆ ರಶೀದಿ, ಅಡಿಕೆ ಮಾರಿದ ಲೆಕ್ಕದ ಎಕ್ಸೆಲ್ ಹಾಳೆ, ಉಪನಯನ ಮದುವೆಗಳ ಫೋಟೋ, ಅಜ್ಜನ ಕಾಲದ ತಾಳಮದ್ದಳೆ ಧ್ವನಿಮುದ್ರಣ. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡನೇ ಪ್ರತಿ ಇಲ್ಲ. ರ‍್ಯಾನ್ಸಮ್‌ವೇರ್ ಇಂಥ ಕಡತಗಳಿಗೇ ಗೂಢಲಿಪಿಯ ಬೀಗ ಹಾಕಿ ದುಡ್ಡು ಕೇಳುತ್ತದೆ. ಕೀಲಿ ಇಲ್ಲದೆ ಆ ಬೀಗವನ್ನು ಯಾವ ಅಂಗಡಿಯವರೂ ಒಡೆಯಲಾರರು.

ಇಲ್ಲಿ ನೋಡುತ್ತಿರುವುದು ಎರಡು ಉಚಿತ ಸಲಕರಣೆಗಳನ್ನು. ಒಂದು, ವಿಂಡೋಸ್ ಸೆಕ್ಯುರಿಟಿಯಲ್ಲಿರುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ಇನ್ನೊಂದು, ಬೀಗ ಬಿದ್ದ ಮೇಲೆ ಬೇಕಾಗುವ ಎಮ್ಸಿಸಾಫ್ಟ್ ಕಂಪೆನಿಯ ಡಿಕ್ರಿಪ್ಟರ್, ಅಂದರೆ ಬೀಗ ಬಿಡಿಸುವ ತಂತ್ರಾಂಶ. ಮೊದಲನೆಯದನ್ನು ಎಲ್ಲರೂ ಇವತ್ತೇ ಆನ್ ಮಾಡಬೇಕು. ಎರಡನೆಯದನ್ನು ನಂಬಿ ಕೂರುವಂತಿಲ್ಲ. ಎರಡರ ನಡುವೆ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಬೇಕೇ ಬೇಕು.

ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಬಂದದ್ದು 2017ರ ಅಕ್ಟೋಬರಿನಲ್ಲಿ, ವಿಂಡೋಸ್ 10ರ 1709 ಆವೃತ್ತಿಯ ಜೊತೆಗೆ. ಅದೇ ವರ್ಷದ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿಡೀ ಹರಡಿ, ವಯನಾಡಿನ ಗ್ರಾಮ ಪಂಚಾಯತ್ ಕಚೇರಿಯ ಕಂಪ್ಯೂಟರುಗಳವರೆಗೂ ಮುಟ್ಟಿತ್ತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರ ಯಂತ್ರಗಳು ಸಿಕ್ಕಿಬಿದ್ದವು.

ಈ ಸೌಲಭ್ಯ ತಾನಾಗಿ ಆನ್ ಇರುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ, ಕೆಳಗೆ ಜಾರಿಸಿದರೆ ‘ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಸಿಗುತ್ತದೆ. ಸ್ವಿಚ್ಚು ಅಲ್ಲಿದೆ. ಆನ್ ಆದ ಮೇಲೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಫೋಲ್ಡರುಗಳಲ್ಲಿ ಗುರುತಿಲ್ಲದ ಪ್ರೋಗ್ರಾಮ್ ಯಾವುದೂ ಬರೆಯಲು, ಬದಲಿಸಲು, ಅಳಿಸಲು ಆಗುವುದಿಲ್ಲ.

ನಮ್ಮೂರಿನ ಕಂಪ್ಯೂಟರುಗಳಿಗೆ ಇದರ ದೊಡ್ಡ ಕೊರತೆ ಡಿ ಡ್ರೈವ್. ಪೇಟೆಯಲ್ಲಿ ಜೋಡಿಸಿ ಕೊಡುವ ಕಂಪ್ಯೂಟರಿನ ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡುವುದು ವಾಡಿಕೆ. ‘ಸಿ ಕೆಟ್ಟರೂ ಡಿ ಉಳಿಯುತ್ತದೆ’ ಎಂದು ಫೋಟೋಗಳನ್ನೆಲ್ಲ ಡಿಗೆ ಹಾಕಿಟ್ಟಿರುತ್ತಾರೆ. ವಿಂಡೋಸ್ ಹೊಸದಾಗಿ ಹಾಕುವಾಗ ಆ ಮಾತು ಸರಿ. ರ‍್ಯಾನ್ಸಮ್‌ವೇರ್ ಮಾತ್ರ ಕಣ್ಣಿಗೆ ಬಿದ್ದ ಡ್ರೈವ್‌ಗಳನ್ನೆಲ್ಲ ಹೊಕ್ಕು ಬರುತ್ತದೆ, ಮತ್ತು ಕಾವಲಿನ ಮೂಲ ಪಟ್ಟಿಯಲ್ಲಿ ಡಿ ಇಲ್ಲ. ‘ಪ್ರೊಟೆಕ್ಟೆಡ್ ಫೋಲ್ಡರ್ಸ್’ ಒತ್ತಿ ಡಿಯಲ್ಲಿರುವ ಫೋಟೋ, ಲೆಕ್ಕ, ಧ್ವನಿ ಫೋಲ್ಡರುಗಳನ್ನು ಒಂದೊಂದಾಗಿ ಸೇರಿಸಬೇಕು. ಸೇರಿಸಿದ ಫೋಲ್ಡರಿನ ಒಳಗಿನ ಫೋಲ್ಡರುಗಳಿಗೂ ಕಾವಲು ಸಿಗುತ್ತದೆ. ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಕಾಣದಿದ್ದರೆ ಅದನ್ನೂ ಸೇರಿಸಿ.

ಕಿರಿಕಿರಿಯೂ ಇದೆ. ಯಾವ ಪ್ರೋಗ್ರಾಮ್ ನಂಬಬಹುದಾದದ್ದು ಎಂದು ಮೈಕ್ರೋಸಾಫ್ಟ್ ತೀರ್ಮಾನಿಸುವುದು ಅದನ್ನು ಎಷ್ಟು ಜನ ಬಳಸುತ್ತಾರೆ, ಅದಕ್ಕೆ ಒಳ್ಳೆಯ ಹೆಸರಿದೆಯೇ ಕೆಟ್ಟ ಹೆಸರಿದೆಯೇ ಎನ್ನುವುದರ ಮೇಲೆ. ಆದ್ದರಿಂದ ನುಡಿ, ಬರಹದಂಥ ಕನ್ನಡ ತಂತ್ರಾಂಶ, ಹಳೆಯ ಸ್ಕ್ಯಾನರಿನ ಪ್ರೋಗ್ರಾಮ್, ಹಳೆಯ ಆಟ ಇವು ತಡೆಗೆ ಸಿಕ್ಕಿಕೊಳ್ಳಬಹುದು. ಸೇವ್ ಮಾಡಲು ಹೋದಾಗ ‘ಫೈಲ್ ಸಿಗಲಿಲ್ಲ’ ಎಂಬಂಥ ಸಂಬಂಧವಿಲ್ಲದ ಸಂದೇಶ ಬಂದು ಜನ ಗಾಬರಿಯಾಗುತ್ತಾರೆ. ಹಾಗೆಂದು ಕಾವಲನ್ನೇ ಆಫ್ ಮಾಡಬಾರದು. ಅದೇ ಪುಟದ ‘ಅಲೌ ಆನ್ ಆಪ್’ ತೆರೆದು ‘ರೀಸೆಂಟ್ಲಿ ಬ್ಲಾಕ್ಡ್ ಆಪ್ಸ್’ ಪಟ್ಟಿ ನೋಡಿ, ನಮಗೆ ಗೊತ್ತಿರುವ ಆ ಒಂದು ಪ್ರೋಗ್ರಾಮಿಗಷ್ಟೇ ಅನುಮತಿ ಕೊಟ್ಟರೆ ಸಾಕು.

ಬೇರೆ ಕಂಪೆನಿಯ ಆಂಟಿವೈರಸ್ ಹಾಕಿದ್ದರೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಹಿಂದೆ ಸರಿಯುತ್ತದೆ, ಅದರೊಂದಿಗೆ ಈ ಕಾವಲೂ ನಿಲ್ಲುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಬಂದ ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಇದ್ದರೆ ತೆಗೆದುಹಾಕಿ. ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಿ. ಡಿಫೆಂಡರನ್ನು ಬೇರೆ ಪ್ರೋಗ್ರಾಮುಗಳು ಆರಿಸದಂತೆ ಹಿಡಿಯುವುದು ಅದು.

ಅಂಕ ಕಳೆಯಬೇಕಾದದ್ದು ಸಲಕರಣೆಗಿಂತ ಹೆಚ್ಚಾಗಿ ನಾವು ಅದನ್ನು ಬಳಸುವ ರೀತಿಗೆ. ಮನೆ ಬಳಕೆದಾರರನ್ನು ಅತಿ ಹೆಚ್ಚು ಕಾಡಿದ ಸ್ಟಾಪ್ ಅಥವಾ ಜವು ಎಂಬ ರ‍್ಯಾನ್ಸಮ್‌ವೇರ್ ಬರುವುದೇ ಕ್ರ್ಯಾಕ್ ಮಾಡಿದ ತಂತ್ರಾಂಶ, ಪರವಾನಗಿಯಿಲ್ಲದೆ ವಿಂಡೋಸನ್ನು ಚಾಲೂ ಮಾಡುವ ಆಕ್ಟಿವೇಟರುಗಳ ಬೆನ್ನೇರಿ. ಆಕ್ಟಿವೇಟರ್ ಹಾಕುವ ವಿಧಾನದ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಕಾವಲನ್ನು ಆರಿಸಿ, ಅಡ್ಮಿನ್ ಅನುಮತಿಯನ್ನೂ ಕೊಟ್ಟು, ಕಳ್ಳನನ್ನು ನಾವೇ ಒಳಗೆ ಕರೆದಂತಾಯಿತು. ಫೋಟೋ ತಿದ್ದುವ ಕೆಲಸಕ್ಕೆ ಗಿಂಪ್, ಆಫೀಸ್ ಕೆಲಸಕ್ಕೆ ಲಿಬ್ರೆ ಆಫೀಸ್ ಉಚಿತವಾಗಿ ಇರುವಾಗ ಈ ಅಪಾಯವನ್ನು ಕೊಳ್ಳುವುದು ಬೇಡವೇ ಬೇಡ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಟಿಕ್ ಮಾಡಿಡಿ. ಪಿಡಿಎಫ್ ವೇಷ ಹಾಕಿ ಬಂದ ಪ್ರೋಗ್ರಾಮ್ ಕಡತ, ಅಂದರೆ ಇಎಕ್ಸ್‌ಇ ಆಗ ಕಣ್ಣಿಗೆ ಕಾಣುತ್ತದೆ.

ಇನ್ನು ಹಾರ್ಡ್‌ಡಿಸ್ಕ್. 1 ಟಿಬಿಯ ಸಾಮಾನ್ಯ ಯುಎಸ್‌ಬಿ ಡಿಸ್ಕ್ ಒಂದು ಮನೆಗೆ ಧಾರಾಳ. ಸದಾ ಚುಚ್ಚಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ, ಅದಕ್ಕೂ ಬೀಗ ಬೀಳುತ್ತದೆ. ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಟಿವಿ, ಮೋಡೆಮ್‌ಗಳ ಪ್ಲಗ್ಗು ಕೀಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬ್ಯಾಕಪ್ ಡಿಸ್ಕನ್ನು ಪ್ರತಿ ಸಲವೂ ಹಾಗೆಯೇ ಕೀಳಬೇಕು, ಮೋಡ ಇರಲಿ ಬಿಡಲಿ. ವಾರಕ್ಕೊಮ್ಮೆ ಚುಚ್ಚುವ ಮೊದಲು ಕಂಪ್ಯೂಟರಿನ ನಾಲ್ಕಾರು ಹಳೆಯ ಫೋಟೋ, ಎಕ್ಸೆಲ್ ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ನಕಲು ಮಾಡಿ. ಹಳೆಯ ಪ್ರತಿಯ ಮೇಲೆ ಬರೆಯದೆ ತಾರೀಕಿನ ಹೆಸರಿನ ಹೊಸ ಫೋಲ್ಡರಿಗೆ ಹಾಕಿ, ಇಲ್ಲವಾದರೆ ಕೆಟ್ಟ ಕಡತ ಒಳ್ಳೆಯದನ್ನು ನುಂಗುತ್ತದೆ. ಎರಡು ಡಿಸ್ಕ್ ಇಟ್ಟು ಸರದಿಯಂತೆ ಬಳಸಿದರೆ ಇನ್ನೂ ಕ್ಷೇಮ. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಗೂಗಲ್ ಡ್ರೈವ್‌ನ 15 ಜಿಬಿ, ಒನ್‌ಡ್ರೈವ್‌ನ 5 ಜಿಬಿ ಉಚಿತ ಸ್ಥಳವು ಆಧಾರಪತ್ರ, ರಶೀದಿಗಳಿಗೆ ಸಾಕು. ಆದರೆ ಸಿಂಕ್ ಆಗುವ ಫೋಲ್ಡರಿನಲ್ಲಿ ಬೀಗ ಬಿದ್ದ ಕಡತವೂ ಮೇಲಕ್ಕೆ ಹೋಗುತ್ತದೆ, ಹಳೆಯ ಆವೃತ್ತಿಯನ್ನು ಹುಡುಕಿ ಹಿಂದಕ್ಕೆ ತರಬೇಕಾಗುತ್ತದೆ.

ಇಷ್ಟರ ಮೇಲೂ ಬೀಗ ಬಿದ್ದರೆ? ಕಡತಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಪವರ್ ಬಟನ್ನನ್ನು 10 ಸೆಕೆಂಡು ಒತ್ತಿ ಹಿಡಿದು ಆರಿಸಿ, ನೆಟ್ ಕೇಬಲ್ ಕಿತ್ತುಹಾಕಿ. ಬ್ಯಾಕಪ್ ಡಿಸ್ಕನ್ನು ಈಗ ಚುಚ್ಚಲೇಬೇಡಿ. ದುಡ್ಡು ಕೇಳಿ ಅದು ಬಿಟ್ಟುಹೋಗುವ ಚೀಟಿಯನ್ನಾಗಲಿ (ಟೆಕ್ಸ್ಟ್ ಕಡತ) ಬೀಗ ಬಿದ್ದ ಕಡತಗಳನ್ನಾಗಲಿ ಅಳಿಸಬೇಡಿ. ಇನ್ನೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ‘ನೋ ಮೋರ್ ರ‍್ಯಾನ್ಸಮ್’ ತಾಣ ತೆರೆಯಿರಿ. 2016ರ ಜುಲೈಯಲ್ಲಿ ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಮತ್ತು ಎರಡು ಭದ್ರತಾ ಕಂಪೆನಿಗಳು ಸೇರಿ ಆರಂಭಿಸಿದ ತಾಣ ಇದು. ಅಲ್ಲಿನ ‘ಕ್ರಿಪ್ಟೋ ಶೆರಿಫ್’ಗೆ ಬೀಗ ಬಿದ್ದ ಎರಡು ಕಡತ ಮತ್ತು ಚೀಟಿ ಕೊಟ್ಟರೆ ಯಾವ ಜಾತಿಯ ರ‍್ಯಾನ್ಸಮ್‌ವೇರ್, ಬಿಡಿಸುವ ಸಲಕರಣೆ ಇದೆಯೇ ಎಂದು ಹೇಳುತ್ತದೆ. ಖಾಸಗಿ ದಾಖಲೆ ಬೇಡ, ಯಾವುದಾದರೂ ಎರಡು ಚಿತ್ರ ಕೊಡಿ.

ಚೀಟಿಯ ಹೆಸರು ‘ರೀಡ್‌ಮಿ’ ಎಂದಿದ್ದು, 980 ಡಾಲರ್ ಕೇಳಿ, 72 ಗಂಟೆಯೊಳಗಾದರೆ 490 ಎಂದಿದ್ದರೆ ಅದು ಸ್ಟಾಪ್ ಜವು. ಚೀಟಿಯ ಕೊನೆಯ ‘ಪರ್ಸನಲ್ ಐಡಿ’ ನೋಡಿ. ಅದು ‘ಟಿ1’ ಎಂದು ಮುಗಿದರೆ ಆಫ್‌ಲೈನ್ ಕೀಲಿ, ಅಂದರೆ ಆ ತಳಿಯ ಎಲ್ಲ ಬಲಿಪಶುಗಳಿಗೂ ಒಂದೇ ಕೀಲಿ. ಅದು ಸಿಕ್ಕಿದ್ದರೆ ಎಮ್ಸಿಸಾಫ್ಟ್ ಡಿಕ್ರಿಪ್ಟರ್ ಕಡತಗಳನ್ನು ಬಿಡಿಸುತ್ತದೆ. ಬೇರೆ ರೀತಿ ಮುಗಿದರೆ ಆನ್‌ಲೈನ್ ಕೀಲಿ. 2019ರ ಆಗಸ್ಟ್ ನಂತರದ ತಳಿಗಳಲ್ಲಿ ಅದನ್ನು ಬಿಡಿಸಲಾಗದು, ಡಿಕ್ರಿಪ್ಟರ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆ ಪ್ರಾಮಾಣಿಕತೆ ನಮಗೆ ಇಷ್ಟವಾಯಿತು, ಏಕೆಂದರೆ ‘ಯಾವ ಬೀಗವನ್ನಾದರೂ ತೆಗೆದುಕೊಡುತ್ತೇವೆ’ ಎಂದು ಮುಂಗಡ ಕೇಳುವವರು ಬೇಕಷ್ಟು ಜನ ಇದ್ದಾರೆ.

ಡಿಕ್ರಿಪ್ಟರ್ ಓಡಿಸುವ ಮೊದಲು ಕಡತಗಳನ್ನು ಬೇರೊಂದು ಖಾಲಿ ಡಿಸ್ಕಿಗೆ ನಕಲು ಮಾಡಿ, ವಿಂಡೋಸನ್ನು ಹೊಸದಾಗಿ ಹಾಕಿ. ಒಳಗಿನ ಕ್ರಿಮಿ ಉಳಿದರೆ ಬಿಡಿಸಿದ ಕಡತಕ್ಕೆ ಮತ್ತೆ ಬೀಗ ಬೀಳುತ್ತದೆ. ಡಿಕ್ರಿಪ್ಟರಿಗೆ ಇಂಟರ್ನೆಟ್ ಬೇಕು, ಕೀಲಿ ಎಮ್ಸಿಸಾಫ್ಟ್‌ನವರ ಸರ್ವರಿನಿಂದ ಬರುತ್ತದೆ. ಬೀಗ ಬಿದ್ದ ಪ್ರತಿಯನ್ನು ಉಳಿಸುವ ಟಿಕ್ ತೆಗೆಯಬೇಡಿ.

ಕೀಲಿ ಸಿಗದಿದ್ದರೂ ಎಲ್ಲವೂ ಹೋಯಿತೆಂದಲ್ಲ. ಸ್ಟಾಪ್ ಜವು ವೇಗಕ್ಕಾಗಿ ಪ್ರತಿ ಕಡತದ ಮೊದಲ 150 ಕೆಬಿಯಷ್ಟನ್ನೇ ಕೆಡಿಸುತ್ತದೆ. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಅದು ಸುಮಾರು 10 ಸೆಕೆಂಡಿನ ಧ್ವನಿ. ಮೂರು ಗಂಟೆಯ ತಾಳಮದ್ದಳೆಯಾದರೆ ಹೆಸರಿಗೆ ಅಂಟಿದ ಹೆಚ್ಚುವರಿ ನಾಲ್ಕಕ್ಷರದ ಬಾಲ ತೆಗೆದು ವಿಎಲ್‌ಸಿಯಲ್ಲಿ ಹಾಕಿ ನೋಡಿ, ಆರಂಭದ ತುಣುಕು ಬಿಟ್ಟು ಉಳಿದ ಅರ್ಥಗಾರಿಕೆ ಕೇಳಬಹುದು. ದೊಡ್ಡ ವಿಡಿಯೋಗಳನ್ನು ಅದೇ ಫೋನಿನಲ್ಲಿ ತೆಗೆದ ಒಳ್ಳೆಯ ವಿಡಿಯೋ ಒಂದನ್ನು ಮಾದರಿಯಾಗಿ ಕೊಟ್ಟು ದುರಸ್ತಿ ಸಲಕರಣೆಯಿಂದ ಎಬ್ಬಿಸಬಹುದು. ಸಣ್ಣ ಎಕ್ಸೆಲ್, ಪಿಡಿಎಫ್‌ಗಳು ಪೂರ್ತಿ 150 ಕೆಬಿಯೊಳಗೇ ಇರುವುದರಿಂದ ಅವುಗಳಿಗೆ ಈ ದಾರಿ ಇಲ್ಲ. ಆಧಾರದ ಸ್ಕ್ಯಾನ್‌ಗಳಿಗೆ ಬ್ಯಾಕಪ್ ಮೊದಲು ಬೇಕೆನ್ನುವುದು ಇದಕ್ಕೇ.

ಇದೇ ಕ್ರಿಮಿಯ ಜೊತೆ ಪಾಸ್‌ವರ್ಡ್ ಕದಿಯುವ ಅಜೋರಲ್ಟ್‌ನಂಥವೂ ಬರುವುದುಂಟು. ಬ್ರೌಸರಿನಲ್ಲಿ ಉಳಿಸಿದ್ದ ಜಿಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಅದೇ ದಿನ ಬದಲಿಸಿ. ದೂರನ್ನು 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಕೊಡಬಹುದು, ಕಾಸರಗೋಡಿನಲ್ಲಿ ಸೈಬರ್ ಪೊಲೀಸ್ ಠಾಣೆಯೂ ಇದೆ. ಚೀಟಿಯ ಫೋಟೋ ಕೈಯಲ್ಲಿರಲಿ.

ಬೀಗ ಬಿದ್ದ ಕಡತಗಳ ಡಿಸ್ಕಿಗೆ ತಾರೀಕು, ಕಡತದ ಬಾಲದ ಹೆಸರು, ಐಡಿ ಬರೆದು ಅಂಟಿಸಿ ತೆಗೆದಿಡಿ. 2020ರ ಏಪ್ರಿಲಿನಲ್ಲಿ ಶೇಡ್ ರ‍್ಯಾನ್ಸಮ್‌ವೇರಿನ ಹಿಂದಿದ್ದವರು ತಮ್ಮ ಕೆಲಸ ನಿಲ್ಲಿಸಿ 7.5 ಲಕ್ಷಕ್ಕೂ ಹೆಚ್ಚು ಕೀಲಿಗಳನ್ನು ತಾವೇ ಬಿಡುಗಡೆ ಮಾಡಿದ್ದರು. ಆ ಹೊತ್ತಿಗೆ ಕಡತಗಳನ್ನು ಅಳಿಸದೆ ಇಟ್ಟಿದ್ದವರಿಗೆ ಮಾತ್ರ ಅವು ಉಪಯೋಗಕ್ಕೆ ಬಂದವು. ನೋ ಮೋರ್ ರ‍್ಯಾನ್ಸಮ್ ತಾಣವನ್ನು ಮೂರ‍್ನಾಲ್ಕು ತಿಂಗಳಿಗೊಮ್ಮೆ ತೆರೆದು, ನಿಮ್ಮ ತಳಿಯ ಹೆಸರಿನೆದುರು ಹೊಸದೇನಾದರೂ ಸೇರಿದೆಯೇ ನೋಡುತ್ತಿರಿ.