ಥಂಡರ್‌ಸ್ಟಾರ್ಮ್: ಕೆಲವು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಹೊಳೆಯುವ ಬಿಡಿ ಅಣುಗಳ ಸ್ಥಾನ ಗುರುತಿಸಲು ಥಂಡರ್‌ಸ್ಟಾರ್ಮ್ ಬಳಸುತ್ತೇವೆ. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿದ ಉಚಿತ ಪ್ಲಗಿನ್ ಇದು, ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದ ಒಳಗೇ ಓಡುತ್ತದೆ. ಲೈಸೆನ್ಸ್ ಕೊಳ್ಳಲು ಹಣವಿಲ್ಲದ ಲ್ಯಾಬುಗಳಿಗೆ ದೊಡ್ಡ ಆಸರೆ.

ಇದರ ಜೀವ ‘ಕ್ಯಾಮೆರಾ ಸೆಟಪ್’ ಎಂಬ ಸಣ್ಣ ಕಿಟಕಿಯಲ್ಲಿದೆ. ತೆರೆದಾಗ ಪಿಕ್ಸೆಲ್ 80 ನ್ಯಾನೊಮೀಟರ್, ಕೌಂಟ್‌ಗೆ (ಕ್ಯಾಮೆರಾ ಕೊಡುವ ಅಂಕಿಯ ಒಂದು ಏಕಮಾನಕ್ಕೆ) 3.6 ಎಲೆಕ್ಟ್ರಾನ್, ಬೇಸ್ ಲೆವೆಲ್ (ಬೆಳಕಿಲ್ಲದಾಗಲೂ ಬರುವ ಅಂಕಿ) 414 ಎಂದಿರುತ್ತದೆ. ಅವು ನಿಮ್ಮ ಕ್ಯಾಮೆರಾದ ಅಂಕಿಗಳಲ್ಲ. ಬದಲಿಸದೆ ಓಕೆ ಒತ್ತಿದರೂ ಚಿತ್ರ ಚೆಂದವಾಗಿಯೇ ಬರುತ್ತದೆ, ಅಪಾಯ ಇರುವುದೇ ಅಲ್ಲಿ. ಕೌಂಟ್‌ಗೆ 0.46 ಎಲೆಕ್ಟ್ರಾನ್ ಇರುವ ಎಸ್‌ಸಿಮಾಸ್ (ವೈಜ್ಞಾನಿಕ ಬಳಕೆಯ ಸಿಮಾಸ್) ಕ್ಯಾಮೆರಾಗೆ 1 ಎಂದು ತುಂಬಿದರೆ ಫೋಟಾನ್ ಲೆಕ್ಕ ಎರಡು ಪಟ್ಟು ದಾಟುತ್ತದೆ. ಹಿನ್ನೆಲೆ ಬೆಳಕು ಕಡಿಮೆಯಿದ್ದಾಗ ಅಣುವಿನ ಸ್ಥಾನದ 15 ನ್ಯಾನೊಮೀಟರ್ ಅನಿಶ್ಚಿತತೆ ಫಲಿತಾಂಶದ ಕೋಷ್ಟಕದಲ್ಲಿ ಸುಮಾರು 10 ಎಂದು ಕಾಣುತ್ತದೆ. ಆ ಕಾಲಂ ನಂಬಿ ಚುಕ್ಕೆಗಳನ್ನು ಸೋಸುವವರು ಕೆಟ್ಟವನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆ.

ಆದ್ದರಿಂದ ಅಳೆದೇ ತುಂಬಿ. ಕ್ಯಾಮೆರಾಗೆ ಮುಚ್ಚಳ ಹಾಕಿ, ಪ್ರಯೋಗದ ಎಕ್ಸ್‌ಪೋಶರ್‌ನಲ್ಲೇ ನೂರಾರು ಫ್ರೇಮ್ ತೆಗೆದು ಸರಾಸರಿ ಮಾಡಿದರೆ ಬೇಸ್ ಲೆವೆಲ್ ಸಿಗುತ್ತದೆ. ಗೇನ್‌ಗೆ, ಅಂದರೆ ಕೌಂಟ್ ಮತ್ತು ಎಲೆಕ್ಟ್ರಾನ್‌ಗಳ ಅನುಪಾತಕ್ಕೆ, ಸಮನಾದ ಬೆಳಕನ್ನು ಹಂತಹಂತವಾಗಿ ಏರಿಸುತ್ತ, ಫ್ರೇಮ್‌ನಿಂದ ಫ್ರೇಮ್‌ಗೆ ಪ್ರತಿ ಪಿಕ್ಸೆಲ್ ಎಷ್ಟು ಏರಿಳಿಯುತ್ತದೆ ನೋಡಿ. ಸರಾಸರಿಯ ಎದುರು ವೇರಿಯನ್ಸ್ (ಆ ಏರಿಳಿತದ ಅಳತೆ) ಗೆರೆ ಎಳೆದು, ಅದರ ಇಳಿಜಾರಿನಿಂದ 1ನ್ನು ಭಾಗಿಸಿದರೆ ಕೌಂಟ್‌ಗೆ ಎಷ್ಟು ಎಲೆಕ್ಟ್ರಾನ್ ಎಂಬುದು ಬರುತ್ತದೆ. ಪಿಕ್ಸೆಲ್ ಸುಲಭ: 6.5 ಮೈಕ್ರಾನ್ ಪಿಕ್ಸೆಲ್‌ನ ಸೆನ್ಸರ್, 100 ಪಟ್ಟಿನ ಆಬ್ಜೆಕ್ಟಿವ್ ಆದರೆ 65 ನ್ಯಾನೊಮೀಟರ್. ಸ್ಟೇಜ್ ಮೈಕ್ರೊಮೀಟರ್ (ಸೂಕ್ಷ್ಮ ಗೆರೆಗಳ ಅಳತೆಪಟ್ಟಿ) ಇಟ್ಟು ಖಚಿತಪಡಿಸಿ. ಎಸ್‌ಸಿಮಾಸ್ ಇದ್ದರೆ ಇಎಂ ಗೇನ್ (ಬೇರೆ ಬಗೆಯ ಕ್ಯಾಮೆರಾಗಳು ಎಲೆಕ್ಟ್ರಾನ್ ಹೆಚ್ಚಿಸುವ ವ್ಯವಸ್ಥೆ) ಟಿಕ್ ಬೇಡ.

ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋಗಿ ಎಸಿ ನಿಂತರೆ ಚಿಪ್ ತಣ್ಣಗಾಗುವುದೂ ಕಷ್ಟ. ತಾಪಮಾನ ಮತ್ತೆ ಸ್ಥಿರವಾದ ಮೇಲೆ ಡಾರ್ಕ್ ಫ್ರೇಮ್ (ಮುಚ್ಚಳ ಹಾಕಿ ತೆಗೆಯುವವು) ಹೊಸದಾಗಿ ತೆಗೆಯುವ ರೂಢಿ ನಮ್ಮಲ್ಲಿದೆ.

ಕೊರತೆ ಒಂದಿದೆ. ಎಸ್‌ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ನ ಆಫ್‌ಸೆಟ್ (ಬೇಸ್ ಲೆವೆಲ್), ಗದ್ದಲ ಬೇರೆಬೇರೆ. ಈ ಕಿಟಕಿ ಇಡೀ ಚಿಪ್‌ಗೆ ಒಂದೇ ಅಂಕಿ ಕೇಳುತ್ತದೆ. ಬೆಳಕಿಲ್ಲದೆಯೂ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಅಣುವಿನಂತೆಯೇ ನಟಿಸುತ್ತವೆ. ನಾವು ಡಾರ್ಕ್ ಸರಾಸರಿಯನ್ನು ಮೊದಲೇ ಕಳೆಯುತ್ತೇವೆ. ಆಗ ಚಿತ್ರವನ್ನು 32 ಬಿಟ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಋಣ ಸಂಖ್ಯೆಗಳೆಲ್ಲ ಸೊನ್ನೆಯಾಗುತ್ತವೆ. ಬೇಸ್ ಲೆವೆಲ್ ಕೂಡ 0 ಹಾಕಬೇಕು.

ಇಷ್ಟಾದರೂ ಹೊಸ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಕೊಡುತ್ತೇನೆ. ಫಲಿತಾಂಶ ಎಕ್ಸ್‌ಪೋರ್ಟ್ ಮಾಡುವಾಗ ಪ್ರೋಟೊಕಾಲ್ (ಬಳಸಿದ ಸೆಟ್ಟಿಂಗ್‌ಗಳ ಪಟ್ಟಿ) ಉಳಿಸುವ ಆಯ್ಕೆ ಇದೆ, ಅದರಲ್ಲಿ ಕ್ಯಾಮೆರಾ ಅಂಕಿಗಳೂ ದಾಖಲಾಗುತ್ತವೆ. ಯಾರಾದರೂ ಡೇಟಾ ತಂದು ತೋರಿಸಿದರೆ ನಾನು ಮೊದಲು ತೆರೆಯುವುದು ಆ ಫೈಲನ್ನು.