ಹಳೇ ಬ್ರೌಸರ್‌ಗಳಲ್ಲಿ ಎಕ್ಸ್‌ಎಂಎಲ್ ಓದಲು ಜೆಕ್ವೆರಿ 1.12 ಹೇಗಿದೆ?

ಪುಸ್ತಕಗಳ ಪಟ್ಟಿ ಇರುವ ಎಕ್ಸ್‌ಎಂಎಲ್ (ಟ್ಯಾಗ್‌ಗಳ ಒಳಗೆ ಮಾಹಿತಿ ಬರೆದಿಡುವ) ಫೈಲನ್ನು ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) 8ರಿಂದ ಇವತ್ತಿನ ಕ್ರೋಮ್‌ವರೆಗೆ ಎಲ್ಲದರಲ್ಲೂ ತೋರಿಸುವುದು ನನ್ನ ಕೆಲಸ. ಅದಕ್ಕೆ ನೆಚ್ಚಿಕೊಂಡಿರುವುದು ಜಾವಾಸ್ಕ್ರಿಪ್ಟ್ ಲೈಬ್ರರಿ ಜೆಕ್ವೆರಿಯ 1.12 ಆವೃತ್ತಿ. 2013ರಲ್ಲಿ ಬಂದ 2.0 ಐಇ 6, 7, 8ನ್ನು ಕೈಬಿಟ್ಟಿತು. ಹಾಗಾಗಿ ಹಳೇ 1.x ಸರಣಿಯೇ ಬೇಕು.

ಫೈಲ್ ತರಿಸುವುದು ಯಾವ ಲೈಬ್ರರಿಗೂ ದೊಡ್ಡ ಕೆಲಸವಲ್ಲ. ತೊಂದರೆ ಶುರುವಾಗುವುದು ಬಂದ ಪಠ್ಯವನ್ನು ಪಾರ್ಸ್ ಮಾಡುವಾಗ, ಅಂದರೆ ಕೋಡ್ ಓದಬಲ್ಲ ಡಾಕ್ಯುಮೆಂಟ್ ಮಾಡುವಾಗ. ಆ ಕೆಲಸಕ್ಕೆ ಬ್ರೌಸರ್‌ನಲ್ಲೇ ಇರುವ ಡಾಮ್‌ಪಾರ್ಸರ್ ಐಇ 8ರವರೆಗೆ ಇಲ್ಲವೇ ಇಲ್ಲ, ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್ ಬೇಕು. 2011ರಲ್ಲಿ ಆವೃತ್ತಿ 1.5ರ ಜೊತೆ ಬಂದ ಜೆಕ್ವೆರಿಯ ಪಾರ್ಸ್‌ಎಕ್ಸ್‌ಎಂಎಲ್ ಫಂಕ್ಷನ್ ಈ ಎರಡನ್ನೂ ಒಳಗೇ ನೋಡಿಕೊಳ್ಳುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಎರರ್ ಹಿಡಿಯುವ ರೀತಿ. ಒಂದು ಮುಚ್ಚುವ ಟ್ಯಾಗ್ ತಪ್ಪಿದೆ ಎಂದುಕೊಳ್ಳಿ. ಕ್ರೋಮ್, ಫೈರ್‌ಫಾಕ್ಸ್‌ನ ಡಾಮ್‌ಪಾರ್ಸರ್ ಎರರ್ ಎಸೆಯುವುದಿಲ್ಲ. 'ಪಾರ್ಸರ್‌ಎರರ್' ಎಂಬ ಟ್ಯಾಗ್ ಇರುವ ಡಾಕ್ಯುಮೆಂಟನ್ನು ಸುಮ್ನೆ ಕೊಟ್ಟುಬಿಡುತ್ತದೆ. ಹಳೇ ಐಇಯಲ್ಲಿ ಡಾಕ್ಯುಮೆಂಟ್ ಖಾಲಿ. ಐಇ 9ರಿಂದ 11ರವರೆಗಿನವು ನೇರವಾಗಿ ಎರರ್ ಎಸೆಯುತ್ತವೆ. ಪರದೆ ಮೇಲೆ ಏನೂ ಬರದಿದ್ದರೆ ಯಾವುದನ್ನು ಅಂತ ಹುಡುಕುವುದು? ಜೆಕ್ವೆರಿ ಮೂರನ್ನೂ ಪರೀಕ್ಷಿಸಿ, ಎಲ್ಲಾ ಕಡೆ ಒಂದೇ ಎರರ್ ಕೊಡುತ್ತದೆ. ಇದೊಂದಕ್ಕೇ ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು ಖಾಲಿ ಜಾಗದ ಗೋಳು. 'ಪುಸ್ತಕ' ಟ್ಯಾಗ್ ಆದ ಮೇಲೆ ಎಂಟರ್ ಹೊಡೆದು 'ಹೆಸರು' ಟ್ಯಾಗ್ ಬರೆದಿದ್ದೀರಿ. ಪುಸ್ತಕದ ಮೊದಲ ಮಗು ಯಾರು? ಹಳೇ ಐಇ 'ಹೆಸರು' ಎನ್ನುತ್ತದೆ, ಫೈರ್‌ಫಾಕ್ಸ್ ಆ ಎಂಟರನ್ನೇ ಒಂದು ಟೆಕ್ಸ್ಟ್ ನೋಡ್ (ಪಠ್ಯದ ತುಂಡು) ಎಂದು ಎಣಿಸುತ್ತದೆ. ಫಸ್ಟ್‌ಚೈಲ್ಡ್ ನಂಬಿ ಬರೆದ ಕೋಡ್ ಅಲ್ಲೇ ಬೀಳುತ್ತದೆ, ಅಲ್ವಾ? ಜೆಕ್ವೆರಿಯ ಚಿಲ್ಡ್ರನ್ ಬಳಸಿದರೆ ಟ್ಯಾಗ್‌ಗಳು ಮಾತ್ರ ಸಿಗುತ್ತವೆ. ಒಳಗಿನ ಪಠ್ಯಕ್ಕೆ ಟೆಕ್ಸ್ಟ್ ಎಂದರೆ ಸಾಕು.

ಸರ್ವರ್ ತಪ್ಪು ಕಂಟೆಂಟ್ ಟೈಪ್ (ಫೈಲ್ ಯಾವ ಬಗೆಯದು ಎಂಬ ಗುರುತು) ಕಳಿಸಿದರೂ ಭಯವಿಲ್ಲ. ಡೇಟಾಟೈಪ್ 'ಎಕ್ಸ್‌ಎಂಎಲ್' ಎಂದು ಬರೆದಿದ್ದರೆ ಜೆಕ್ವೆರಿ ಪಠ್ಯ ತಗೊಂಡು ತಾನೇ ಪಾರ್ಸ್ ಮಾಡುತ್ತದೆ.

ಬೇಸರ ತರಿಸಿದ್ದು ನೇಮ್‌ಸ್ಪೇಸ್, ಅಂದರೆ ಟ್ಯಾಗ್ ಹೆಸರಿಗೆ ಕೋಲನ್ ಜೊತೆ ಸೇರಿಸುವ ಗುಂಪಿನ ಹೆಸರು. 'ಮೀಡಿಯಾ:ಕಂಟೆಂಟ್' ತರಹದ ಟ್ಯಾಗನ್ನು ಫೈಂಡ್‌ನಲ್ಲಿ ಹುಡುಕಲು ಕೋಲನ್‌ಗೆ ಮೊದಲು ಎರಡು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಅಷ್ಟು ಮಾಡಿದರೂ ಎಲ್ಲಾ ಬ್ರೌಸರ್ ಒಂದೇ ಉತ್ತರ ಕೊಡುವುದಿಲ್ಲ. ಎಲ್ಲಾ ನೋಡ್ ತೆಗೆದುಕೊಂಡು ನೋಡ್‌ನೇಮ್ ಹೋಲಿಸಿ ಫಿಲ್ಟರ್ ಮಾಡುತ್ತೇನೆ. ನಿಧಾನ, ಆದರೆ ನಂಬಬಹುದು. ಡಿಸ್ಕ್‌ನಿಂದ ನೇರವಾಗಿ ಫೈಲ್ ತೆರೆದರೆ ಕ್ರೋಮ್ ತಡೆಯುತ್ತದೆ. ಅದಕ್ಕೆ ಜೆಕ್ವೆರಿ ಏನೂ ಮಾಡಲಾರದು, ಚಿಕ್ಕ ಲೋಕಲ್ ಸರ್ವರ್ ಬೇಕೇ ಬೇಕು.

ಹೊಸ ಬ್ರೌಸರ್‌ಗಳಷ್ಟೇ ಸಾಕು ಎನ್ನುವವರು ಜಿಜಿಪ್ ಮಾಡಿ ಕುಗ್ಗಿಸಿದ ಮೇಲೂ 30 ಕೆಬಿ ದಾಟುವ ಈ ಲೈಬ್ರರಿಯನ್ನು ಹಾಕಿಕೊಳ್ಳಬೇಡಿ. ಬ್ರೌಸರ್‌ನಲ್ಲೇ ಇರುವ ಫೆಚ್ (ಫೈಲ್ ತರಿಸಲು), ಡಾಮ್‌ಪಾರ್ಸರ್ ಸಾಕು. ಆದರೆ ಪಾರ್ಸ್ ಆದ ಕೂಡಲೇ ಕ್ವೆರಿಸೆಲೆಕ್ಟರ್‌ನಿಂದ 'ಪಾರ್ಸರ್‌ಎರರ್' ಇದೆಯಾ ನೋಡುವ ಒಂದು ಸಾಲನ್ನು ಮಾತ್ರ ನೀವೇ ಬರೆಯಬೇಕು.