ಕೋಡ್ ಬರೆಯುವಾಗ ಕಿವಿಗೆ ಏನು? ಚಂಡೆ, ಖಯಾಲ್, ಗೇಮ್ ಸಂಗೀತ

ಶಿರಸಿಯ ಮನೆಯಿಂದ ಕೆಲಸ ಶುರು ಮಾಡಿ ಇದು ಮೂರನೇ ಮಳೆಗಾಲ. ಬೆಂಗಳೂರಿನ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿದರೆ ಯಾರೂ ಮಾತಾಡಿಸುತ್ತಿರಲಿಲ್ಲ. ಇಲ್ಲಿ ಅದಕ್ಕೆಲ್ಲ ಬೆಲೆ ಇಲ್ಲ. ಅಮ್ಮ ಅದರ ಒಂದು ಬದಿ ಎತ್ತಿ "ಆಸ್ರಿಗೆ (ಕುಡಿಯಲು) ಬೇಕಾ?" ಎಂದು ಕೇಳುತ್ತಾಳೆ. ಇರಲಿ. ಒಳಗೆ ಏನು ಹಾಡಬೇಕು ಎನ್ನುವುದಾದರೂ ನನ್ನ ಕೈಯಲ್ಲಿದೆಯಲ್ಲ ಎಂದು ಈ ಸಲ ವಾರಕ್ಕೊಂದು ಬಗೆ ಹಾಕಿ ನೋಡಿದೆ.

ಮೊದಲ ವಾರ ಯಕ್ಷಗಾನ. ಗುಣವಂತೆಯಲ್ಲಿ 1934ರಲ್ಲಿ ಶುರುವಾದ ಇಡಗುಂಜಿ ಮೇಳದ ಆಟ ನೋಡಿ ಬೆಳೆದವನು ನಾನು. ತೊಂದರೆ ಆಗಿದ್ದೂ ಅದರಿಂದಲೇ. ಭಾಗವತರು ಒಂದು ಸಾಲು ಎತ್ತಿದರೆ ಮುಂದಿನದು ನನ್ನ ಬಾಯಿಗೆ ಬಂದಿರುತ್ತದೆ. ಫಂಕ್ಷನ್ನಿಗೆ ಯೋಚಿಸಿಟ್ಟ ಹೆಸರು ಅಷ್ಟೊತ್ತಿಗೆ ಮರೆತಿರುತ್ತದೆ. ಗುರುವಾರ ಯುದ್ಧದ ಪದ್ಯ. ಚಂಡೆ ಏರುತ್ತಾ ಹೋಯಿತು, ಬೆರಳೂ ಅದರ ಹಿಂದೆ ಓಡಿತು. ಡೇಟಾಬೇಸಿನಲ್ಲಿ 'ಡಿಲೀಟ್' ಬರೆದವನು, ಯಾವ ಸಾಲು ಅಳಿಸಬೇಕು ಎಂದು ಹೇಳುವ 'ವೇರ್' ಬರೆಯುವ ಮೊದಲೇ ಎಂಟರ್ ಹೊಡೆದೆ. ಟೇಬಲ್ ಖಾಲಿ! ಪುಣ್ಯಕ್ಕೆ ಅದು ಟೆಸ್ಟ್ ಡೇಟಾಬೇಸ್.

ಎರಡನೇ ವಾರ ಹಿಂದೂಸ್ತಾನಿ. ವಿಲಂಬಿತ ಖಯಾಲ್ ಪರವಾಗಿಲ್ಲ. ಸಾಹಿತ್ಯ ಎರಡೇ ಸಾಲು, ಏಕತಾಳದ ಹನ್ನೆರಡು ಮಾತ್ರೆ ಸಾವಕಾಶ ಸುತ್ತುತ್ತಿರುತ್ತದೆ. ಆದರೆ ಊಟವಾದ ಮೇಲೆ ಭೀಮಪಲಾಸ ಹಚ್ಚಿದರೆ ನನಗೆ ನಿದ್ದೆ. ರಾಗದ ತಪ್ಪಲ್ಲ, ಬಿಡಿ.

ಆಮೇಲೆ ಗೇಮ್ ಸಂಗೀತ. ಗೆದ್ದಿದ್ದು ಇದೇ. ಆಡುವವನು ಒಂದೇ ಜಾಗದಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಳ್ಳಬಹುದು ಎಂದು ಗೊತ್ತಿದ್ದೇ ಮಾಡಿದ ಸಂಗೀತ ಅದು. ಸುತ್ತಿ ಸುತ್ತಿ ಬಂದರೂ ಬೇಜಾರು ಬರಿಸಬಾರದು, ಗಮನವನ್ನೂ ಎಳೆಯಬಾರದು. ಕೋಡ್ ಬರೆಯುವವನ ಪಾಡೂ ಅದೇ ಅಲ್ವಾ? 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯ ಕೋಡ್, ಚಿತ್ರ, ಸಂಗೀತ ಮೂರನ್ನೂ ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ. ಅದನ್ನು ಹಚ್ಚಿಕೊಂಡು ಒಂದು ಇಡೀ ಮಾಡ್ಯೂಲ್ ಬರೆದು ಮುಗಿಸಿದೆ. (ಮನೆ ಹಿಂದಿನ ಅಡಿಕೆ ತೋಟಕ್ಕೆ ಇಳಿಯದವನು ಗೇಮಿನಲ್ಲಿ ಬೆಳೆ ತೆಗೆಯುತ್ತಾನೆ ಎಂದು ಅಪ್ಪನಿಗೆ ನಗು.) ಮೈನ್‌ಕ್ರಾಫ್ಟ್ ಸಂಗೀತ ಮಾತ್ರ ಪ್ಲೇಲಿಸ್ಟಿನಲ್ಲಿ ಅಷ್ಟು ರುಚಿಸಲಿಲ್ಲ. ಆಟದಲ್ಲಿ ಒಂದು ತುಣುಕು ಮುಗಿದರೆ ಎಷ್ಟೋ ನಿಮಿಷ ಏನೂ ಇರುವುದಿಲ್ಲ, ಮತ್ತೆ ಯಾವಾಗಲೋ ಪಿಯಾನೋ ಕೇಳುತ್ತದೆ. ಪ್ಲೇಲಿಸ್ಟ್ ಆ ಖಾಲಿ ಜಾಗವನ್ನೇ ನುಂಗಿಬಿಡುತ್ತದೆ.

ಬಗ್ ಹುಡುಕುವಾಗ ಮಾತ್ರ ಈ ಮೂರೂ ಬೇಡ. ಕೆಲವು ಆರ್ಡರುಗಳು ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತಿದ್ದವು, ಎರಡು ದಿನ ತಲೆ ಕೆರೆದುಕೊಂಡರೂ ಕಾರಣ ಸಿಗಲಿಲ್ಲ. ಮೊನ್ನೆ ಸಂಜೆ ಕರೆಂಟ್ ಹೋಯಿತು, ಹೆಡ್‌ಫೋನಿನ ಚಾರ್ಜೂ ಮುಗಿದಿತ್ತು. ಕೊಟ್ಟಿಗೆಯ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಸುಮ್ನೆ ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡುತ್ತಾ ಕೂತೆ. ತಪ್ಪಿದ್ದೆಲ್ಲ ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯೊಳಗಿನ ಆರ್ಡರುಗಳೇ. ಸರ್ವರ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ ತಾರೀಕು ಹಾಕುತ್ತಿತ್ತು, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ!

ಸರಿಮಾಡಿ ಕಳಿಸಿದ ಮೇಲೆ ಲ್ಯಾಪ್‌ಟಾಪಿನ ಸ್ಪೀಕರಿನಲ್ಲೇ ಚಂಡೆ ಹಚ್ಚಿದೆ. ಒಳಗಿನಿಂದ ಅಪ್ಪ "ಸ್ವಲ್ಪ ದೊಡ್ಡಕ್ಕಿಡು" ಎಂದರು.